ನೂರು ಬೀಸಣಿಗೆ, ಒಂದೇ ಹೆಸರು

ವೈಶಾಖದ ಬೆಳಗು. ಐರಾವತಿ ನದಿಯ ಪಶ್ಚಿಮ ದಂಡೆಯ ಥನ್‌ಪಿನ್‌ಗೋನ್ ಊರಿನಲ್ಲಿ ಕೋಳಿ ಕೂಗುವ ಹೊತ್ತಿಗೂ ನೆಲ ತಣಿದಿಲ್ಲ. ತಾಳೆಮರ ಹತ್ತುವವರು ರಾತ್ರಿ ಕಟ್ಟಿದ ಮಡಕೆಗಳನ್ನು ಇಳಿಸಲು ಆಗಲೇ ಏಣಿ ಏರಿದ್ದಾರೆ. ಕೆಳಗೆ, ಬಿದಿರು ತಟ್ಟಿಯ ಮನೆಯ ಮುಂದೆ, ಊರವರು ಗೌರವಕ್ಕೆ ‘ದೊ’ ಸೇರಿಸಿ ಕರೆಯುವ ಹೆಂಗಸು, ದೊ ಪ್ಯೋನ್ ಚೀ, ಕಾಲು ಚಾಚಿ ಕೂತು ಒದ್ದೆ ಗೋಣಿಯಡಿಯಿಂದ ತಾಳೆಗರಿಗಳನ್ನು ಒಂದೊಂದಾಗಿ ಎಳೆಯುತ್ತಿದ್ದಾರೆ. ಬಿಸಿಲು ಬಿದ್ದರೆ ಗರಿ ಸೆಟೆದು ಸೀಳಿಹೋಗುತ್ತದೆ. ಅದಕ್ಕೇ ಕತ್ತರಿಸಿ ದುಂಡಗೆ ಮಾಡುವ ಕೆಲಸವೆಲ್ಲ ಬಿಸಿಲು ಇಳಿಯುವುದರೊಳಗೆ ಮುಗಿಯಬೇಕು.

ಬಾಯಲ್ಲಿ ಆರಿದ ಚುಟ್ಟಾ. ಅದನ್ನು ಮತ್ತೆ ಹೊತ್ತಿಸಲು ಬಿಡುವಿಲ್ಲ. ಬಲಗೈ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿದೆ. ಗರಿಯ ಅಂಚು ಕೊಯ್ದ ಕಡೆಯೇ ಮತ್ತೆ ಮತ್ತೆ ಕೊಯ್ಯುತ್ತದೆ. ದಿನಕ್ಕೆ ಎಂಟು ಬೀಸಣಿಗೆ. ಬೆಳಗ್ಗೆ ಕತ್ತರಿಸುವುದು, ಮಧ್ಯಾಹ್ನ ನೆರಳಲ್ಲಿ ಅಂಚಿಗೆ ಬಿದಿರು ಸೀಳು ಇಟ್ಟು ಬಟ್ಟೆ ಹೊಲಿಯುವುದು, ಸಂಜೆ ಒಲೆಯಲ್ಲಿ ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಗರಿಯ ಮೇಲೆ ಹೆಸರು ಸುಡುವುದು. ನಡುವೆ ತಾಳೆಬೆಲ್ಲದ ಕಡಾಯಿ. ಹೊಟ್ಟೆ ನಡೆಯುವುದು ಆ ಬೆಲ್ಲದಿಂದ. ಬೀಸಣಿಗೆಗೆ ಕಾಸಿಲ್ಲ.

ಬೀಸಣಿಗೆಗಳು ಹೋಗುವುದು ಊರಿನ ಉಚಿತ ಶವಸಂಸ್ಕಾರ ಸಂಘಕ್ಕೆ. ಹತ್ತಾರು ಸ್ವಯಂಸೇವಕರು, ತಗಡಿನ ಶೆಡ್ಡು, ಒಂದು ಹಳೆಯ ಬಿಳಿ ವ್ಯಾನು, ಇಷ್ಟೇ ಸಂಘ. ಸತ್ತವರನ್ನು ಸುಡುಗಾಡಿಗೂ, ಕಾಯಿಲೆಯವರನ್ನು ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೂ ಆ ವ್ಯಾನು ಪುಕ್ಕಟೆ ಒಯ್ಯುತ್ತದೆ. ಸಂಘಕ್ಕೆ ಐದು ಸಾವಿರ ಕ್ಯಾಟ್‌ಗಿಂತ ಹೆಚ್ಚು ಹಣ ಕೊಟ್ಟವರಿಗೆ ಅವರ ಹೆಸರು ಬರೆದ ಒಂದು ತಾಳೆ ಬೀಸಣಿಗೆ ಕೃತಜ್ಞತೆಯ ಕಾಣಿಕೆ. ದೊಡ್ಡ ದಾನವಾದರೆ ನೆಂಟರಿಷ್ಟರಿಗೆ ಹಂಚಲು ಒಂದು ಕಟ್ಟು.

ಎಂಟು ವರ್ಷದ ಹಿಂದೆ ಪ್ಯೋನ್ ಚೀಯ ಗಂಡ ಮರದಿಂದ ಬಿದ್ದ. ವ್ಯಾನು ಅವನನ್ನು ಆಸ್ಪತ್ರೆಗೆ ಒಯ್ಯಿತು, ನಾಲ್ಕನೇ ದಿನ ಹೆಣ ತಂದಿತು, ಸುಡುಗಾಡಿಗೂ ಮುಟ್ಟಿಸಿತು. "ಏನೂ ತಗೊಳ್ಳಿಲ್ಲ. ರಕ್ತ ಆಗಿತ್ತು ಒಳಗೆಲ್ಲ, ಅದನ್ನೂ ಅವರೇ ತೊಳ್ಕೊಂಡ್ರು," ಎನ್ನುತ್ತಾರೆ ಅವರು. ಆಗ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಆ ವರ್ಷ ಸಂಘದ ಡಬ್ಬಿಗೆ ದುಡ್ಡು ಹಾಕಿದ ಚಹಾ ಅಂಗಡಿಯವನಿಗೆ ತಾವೇ ಒಂದು ಬೀಸಣಿಗೆ ಮಾಡಿ ಹೆಸರು ಸುಟ್ಟು ಕೊಟ್ಟರು. ಅವನು ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿದ. ಚಹಾಕ್ಕೆ ಬಂದವರೆಲ್ಲ, ನಮ್ಮ ಹೆಸರು ಯಾಕಿಲ್ಲ ಎಂದು ಕೇಳತೊಡಗಿದರು. ಅಂದಿನಿಂದ ಡಬ್ಬಿ ಖಾಲಿ ಬಿದ್ದಿಲ್ಲ, ಅವರ ಕೈಗೆ ಬಿಡುವೂ ಸಿಕ್ಕಿಲ್ಲ. ಸಂಘದವರು ಒಂದು ದಿನವೂ ಇಂತಿಷ್ಟು ಮಾಡು ಅಂದವರಲ್ಲ.

"ಅದೇ ತೊಂದರೆ ಆಗಿರೋದು," ಎನ್ನುತ್ತಾರೆ ಪ್ಯೋನ್ ಚೀ. "ಕೇಳಿದ್ರೆ ಕೊಟ್ಟು ಮುಗಿಸ್ತಿದ್ದೆ."

ಅರವತ್ತೊಂದರ ಕಣ್ಣು ಈಗ ಸಂಜೆ ಮಂಜಾಗುತ್ತದೆ. ಸಂಘದ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು ಉ ಓನ್ ಪೆ, ದಾನಿಗಳ ಹೆಸರಿನ ಚೀಟಿ ಹಿಡಿದು ವಾರಕ್ಕೆರಡು ಸಲ ಬರುತ್ತಾರೆ. ಬಂದಾಗಲೆಲ್ಲ ಅದೇ ಮಾತು.

"ಪಕ್ಕದ ಪೇಟೆ ಸಂಘದವರು ಛತ್ರಿ ಕೊಡ್ತಿದಾರಂತೆ, ತಂಗಿ."

"ಹಂಗಾದ್ರೆ ಛತ್ರಿ ಮರ ನೆಡಿ ಮೇಷ್ಟ್ರೆ. ನನ್ನ ಹಿತ್ತಿಲಲ್ಲಿ ಬೆಳೆಯೋದು ತಾಳೆ."

"ಜನ ಪುಣ್ಯಕ್ಕೆ ಕೊಡ್ತಾರೋ ಬೀಸಣಿಗೆಗೆ ಕೊಡ್ತಾರೋ ಅಂತ ಒಂದೊಂದು ಸಲ ಯೋಚನೆ ಆಗುತ್ತೆ."

"ವ್ಯಾನಿಗೆ ಅದು ಗೊತ್ತಾಗಲ್ಲ ಬಿಡಿ," ಎನ್ನುತ್ತ ಅವರು ಚೀಟಿ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸುತ್ತಾರೆ.

ಎಡವಟ್ಟಾದದ್ದು ಅಂಥದೇ ಒಂದು ಚೀಟಿಯಿಂದ, ಕಳೆದ ಫಾಲ್ಗುಣದಲ್ಲಿ.

ವ್ಯಾನಿನ ಎಂಜಿನ್ ಕೆಟ್ಟು ಕೂತಿತ್ತು. ಎಳ್ಳೆಣ್ಣೆ ಗಿರಣಿಯ ಒಡತಿ ದೊ ಟಿನ್ ಮ್ಯಾ ತಮ್ಮ ಎಪ್ಪತ್ತನೇ ಹುಟ್ಟುಹಬ್ಬದ ದಾನವೆಂದು ಬೇರೆ ಎಂಜಿನ್ ಕೊಡಿಸಲು ಒಪ್ಪಿದರು. ಅರ್ಧ ಹಣ ಕೈಗಿತ್ತು, ಉಳಿದರ್ಧ ಹೊಸವರ್ಷದ ನೀರೆರಚುವ ಹಬ್ಬದ ಮುಂಚೆ ಎಂದರು. ಹುಟ್ಟುಹಬ್ಬದ ದಿನ ವಿಹಾರದಲ್ಲಿ ಭಿಕ್ಷುಗಳಿಗೆ ಊಟ, ಬಂದವರಿಗೆ ಹಂಚಲು ನೂರು ಬೀಸಣಿಗೆ. ಮೇಷ್ಟ್ರು ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟು: ದೊ ಟಿನ್ ಮ್ಯಾ (೭೦), ಎಣ್ಣೆ ಗಿರಣಿ ಬೀದಿ.

ಈ ಸೀಮೆಯಲ್ಲಿ ಸಾವಿನ ಮನೆಗೆ ಬಂದವರಿಗೆ ಬೀಸಣಿಗೆ ಹಂಚುತ್ತಾರೆ. ಅದರ ಮೇಲೆ ಸತ್ತವರ ಹೆಸರು, ಪಕ್ಕದಲ್ಲಿ ಕಂಸದೊಳಗೆ ವಯಸ್ಸು, ಕೆಳಗೆ ಬೀದಿ. ಬದುಕಿರುವವರ ವಯಸ್ಸನ್ನು ಯಾರೂ ಬೀಸಣಿಗೆಯ ಮೇಲೆ ಬರೆಯುವುದಿಲ್ಲ. ಹದಿನಾಲ್ಕು ವರ್ಷದಿಂದ ಸಂಘಕ್ಕಾಗಿ ಸತ್ತವರ ಹೆಸರು, ವಯಸ್ಸನ್ನೂ ಬರೆಯುತ್ತ ಬಂದ ಮೇಷ್ಟ್ರ ಕೈ ಅದೇ ಸಾಲಿನಲ್ಲಿ ಹರಿದಿತ್ತು. ಹದಿಮೂರು ದಿನ ಬಿಡದೆ ಕೂತು ನೂರು ಬೀಸಣಿಗೆ ಮುಗಿಸಿದ ಪ್ಯೋನ್ ಚೀ ಕೂಡ ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಸುಟ್ಟಿದ್ದರು. "ಕೈ ಬರೀತಿತ್ತು, ತಲೆ ಮಲಗಿತ್ತು," ಎನ್ನುತ್ತಾರೆ ಅವರು. ಮೇಷ್ಟ್ರ ಮೇಲೆ ಹೊರಿಸುವುದಿಲ್ಲ.

ವಿಹಾರದಲ್ಲಿ ಯಾರೂ ಓದಲಿಲ್ಲ. ಟಿನ್ ಮ್ಯಾ ಎದುರಿಗೇ ಓಡಾಡುತ್ತ ಅನ್ನ ಬಡಿಸುತ್ತಿದ್ದರು. ಬೀಸಣಿಗೆಗಳು ಬಂದವರ ಜೊತೆ ಸುತ್ತಲ ಹಳ್ಳಿಗಳಿಗೆ ಹೋದವು. ಮೂರನೇ ದಿನ ನದಿಯಾಚೆಯ ಬಾಲ್ಯದ ಗೆಳತಿಯೊಬ್ಬಳು ಸಾವಿನ ಮನೆಗೆ ಒಯ್ಯುವ ಹಾಲಿನ ಡಬ್ಬಿ, ಸಕ್ಕರೆ ಹೊತ್ತು ಅಳುತ್ತ ಗಿರಣಿಗೆ ಬಂದಳು. ಬಾಗಿಲಲ್ಲಿ ಗಾಡಿಯವನನ್ನು ಬೈಯುತ್ತ ನಿಂತಿದ್ದ ಟಿನ್ ಮ್ಯಾರನ್ನು ಕಂಡು ಅಲ್ಲೇ ಕುಸಿದಳು.

"ಅಳೋದಾದ್ರೆ ಒಳಗೆ ಬಂದು ಅಳು, ಬಿಸಿಲಿದೆ," ಎಂದರಂತೆ ಟಿನ್ ಮ್ಯಾ. ಸಂಜೆಯೊಳಗೆ ಇನ್ನೂ ನಾಲ್ವರು ಬಂದರು. ಐದನೆಯವರು ಬರುವ ಹೊತ್ತಿಗೆ ಅವರ ತಮಾಷೆ ಮುಗಿದಿತ್ತು. ರಾತ್ರಿ ಜ್ವರ ಬಂತು. ಬೆಳಗ್ಗೆ ಮೇಷ್ಟ್ರನ್ನೂ ಪ್ಯೋನ್ ಚೀಯನ್ನೂ ಕರೆಸಿದರು.

"ನನ್ನ ಹೆಣದ ಬೀಸಣಿಗೆ ನೂರು ಮನೆಯಲ್ಲಿದೆ. ಅಪಶಕುನ ಅನ್ನೋದು ಇದಕ್ಕಿಂತ ಬೇರೆ ಬೇಕಾ? ನೂರೂ ವಾಪಸ್ ಬರಬೇಕು. ಬರೋ ತನಕ ಎಂಜಿನ್ನಿಗೆ ಒಂದು ಕಾಸು ಹುಟ್ಟಲ್ಲ."

ಪೇಟೆಯ ಮೆಕ್ಯಾನಿಕ್ ಎಂಜಿನ್ ಎತ್ತಿಟ್ಟಿದ್ದ. ನೀರೆರಚುವ ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದು ಹೇಳಿಬಿಟ್ಟಿದ್ದ. ಇತ್ತ ವ್ಯಾನು ಇಟ್ಟಿಗೆಯ ಮೇಲೆ ನಿಂತಿತ್ತು. ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಒಯ್ದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಆ ಸುದ್ದಿ ಕೇಳಿದ ಮೇಲೆ ಪ್ಯೋನ್ ಚೀ ಗರಿ ಕತ್ತರಿಸುವುದನ್ನು ಬಿಟ್ಟು ಎದ್ದರು.

ಸುಮ್ಮನೆ ಕೇಳಿದರೆ ಯಾರು ಕೊಡುತ್ತಾರೆ? ಚಹಾ ಅಂಗಡಿಯವನೇ ಮೊದಲು ಅಂದ. "ಅಕ್ಕಾ, ಈ ಸೆಕೆಯಲ್ಲಿ ಬೀಸಣಿಗೆ ಕೇಳ್ತಿದೀಯಲ್ಲ, ಉಟ್ಟ ಲುಂಗಿ ಬಿಚ್ಚಿಕೊಡು ಅಂದಂಗಾಯ್ತು."

ಹಾಗಾಗಿ ಒಂದಕ್ಕೆ ಒಂದು. ಹಳೆಯದು ಕೊಟ್ಟರೆ ಹೊಸದು. ಹಗಲು ಎಂಟು ಮಾಡುವುದು, ಸಂಜೆ ಅದನ್ನು ತಲೆಯ ಮೇಲೆ ಹೊತ್ತು ಹಳ್ಳಿ ಹಳ್ಳಿ ತಿರುಗುವುದು. ಅಂಗಾಲು ಒಡೆಯಿತು. ಬೆಲ್ಲದ ಕಡಾಯಿ ಎರಡು ಸಲ ಸೀದುಹೋಯಿತು. ಹೊಸದರ ಮೇಲೆ ತಮ್ಮ ಹೆಸರೇ ಬೇಕೆಂದು ಹಟ ಹಿಡಿದವರು ಕೆಲವರು. ಹಳೆಯದರಲ್ಲಿ ಒಲೆ ಊದಿ ಅಂಚು ಸುಟ್ಟುಕೊಂಡವರು ಇನ್ನು ಕೆಲವರು. ಒಬ್ಬ ಮುದುಕಿಯಂತೂ, "ಸತ್ತಿಲ್ಲವಾ? ಹಂಗಾದ್ರೆ ನಾನು ಹಚ್ಚಿದ ಮೇಣದಬತ್ತಿ ದುಡ್ಡು ಕೊಡು" ಎಂದು ಜಗಳಕ್ಕೇ ನಿಂತಳು.

ಹಬ್ಬಕ್ಕೆ ಎರಡು ದಿನ ಇರುವಾಗ ತೊಂಬತ್ತೊಂಬತ್ತು ಸೇರಿದ್ದವು. ನೂರನೆಯದು ಆರು ಮೈಲಿ ಆಚೆ, ಹಳ್ಳದ ದಂಡೆಯ ಮನೆಯೊಂದರಲ್ಲಿ. ಅಲ್ಲಿ ಉ ಫೊ ಲೊನ್ ಎಂಬ ಮುದುಕ ಮಲಗಿದ್ದ. ಎದೆ ಕಟ್ಟಿ ಉಸಿರು ಸಿಗುತ್ತಿರಲಿಲ್ಲ. ಮಗಳು ಮ ನ್ಯೋ ಹಗಲೂ ರಾತ್ರಿ ಪಕ್ಕದಲ್ಲಿ ಕೂತು ಬೀಸುತ್ತಿದ್ದಳು.

"ಇದನ್ನ ಕೊಡೋಕಾಗಲ್ಲ ಚಿಕ್ಕಮ್ಮ," ಎಂದಳು ಅವಳು.

"ಹೊಸದು ತಂದಿದೀನಿ ಕಣೆ. ಇದಕ್ಕಿಂತ ಗಟ್ಟಿ."

"ಬೇರೆದರಲ್ಲಿ ಬೀಸಿದ್ರೆ ಅಪ್ಪ ಬೇಡ ಅಂತ ತಲೆ ಆಡಿಸ್ತಾನೆ. ಇದರ ಗಾಳಿ ಅಭ್ಯಾಸ ಆಗಿದೆ. ನೀನೇ ನೋಡು."

ಪ್ಯೋನ್ ಚೀ ಪಕ್ಕದಲ್ಲಿ ಕೂತು ಹೊಸ ಬೀಸಣಿಗೆಯಿಂದ ಬೀಸಿದರು. ಮುದುಕ ಕಣ್ಣು ತೆರೆಯದೆಯೇ ಮುಖ ಆಚೆ ತಿರುಗಿಸಿದ. ಹೊಸ ಗರಿ ಸದ್ದು ಮಾಡುತ್ತದೆ, ತಿಂಗಳು ಬೀಸಿದ ಗರಿ ಮೆತ್ತಗಾಗಿರುತ್ತದೆ. ಆ ವ್ಯತ್ಯಾಸ ಅವರಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯದನ್ನು ಕೈಗೆತ್ತಿಕೊಂಡರು. ಮ ನ್ಯೋ ಅಲ್ಲೇ ಗೋಡೆಗೊರಗಿ ನಿದ್ದೆಹೋದಳು. ಹೊತ್ತು ಮುಳುಗುವವರೆಗೂ ಪ್ಯೋನ್ ಚೀ ಬೀಸಿದರು. ಅವಳು ಎದ್ದ ಮೇಲೆ ಬೀಸಣಿಗೆಯನ್ನು ಅವಳ ಕೈಗಿಟ್ಟು, ಹೊಸದನ್ನೂ ಅಲ್ಲೇ ಬಿಟ್ಟು ಆರು ಮೈಲಿ ನಡೆದು ಮನೆಗೆ ಬಂದರು.

ಮರುದಿನ ಗಿರಣಿಯ ಜಗಲಿಯಲ್ಲಿ ಕಟ್ಟುಗಳನ್ನು ಇಳಿಸಿದಾಗ ಟಿನ್ ಮ್ಯಾ ತಾವೇ ಎಣಿಸಿದರು.

"ನೂರು ಅಂದಿದ್ದೆ."

"ಹೌದು ದೊಡ್ಡಕ್ಕ. ಒಂದು ತರಲಿಲ್ಲ."

"ಸಿಗಲಿಲ್ಲವೋ?"

"ಸಿಕ್ತು. ತರಲಿಲ್ಲ." ಸುಳ್ಳು ಹೇಳಬಹುದಿತ್ತು, ಕಳೆದುಹೋಯಿತು ಎನ್ನಬಹುದಿತ್ತು. ಆದರೆ ಫೊ ಲೊನ್‌ನ ಮನೆಯಲ್ಲಿ ಕಂಡದ್ದನ್ನು ಇದ್ದ ಹಾಗೇ ಹೇಳಿದರು. ಹೇಳುವಾಗ, ಇಲ್ಲಿಗೆ ಎಂಜಿನ್ ಹೋಯಿತು ಎಂದೇ ಅವರಿಗೆ ಅನಿಸಿತ್ತು.

"ಯಾವ ಫೊ ಲೊನ್? ನಮ್ಮ ಎಳ್ಳಿನ ಗಾಡಿ ಹೊಡೀತಿದ್ದವನಾ?"

"ಅವನೇ."

"ಇನ್ನೂ ಇದಾನಾ ಅವನು?"

"ಅವನ ಊರಲ್ಲಿ ನಿಮ್ಮನ್ನೇ ಇಲ್ಲ ಅಂದ್ಕೊಂಡಿದ್ರು."

ಮೇಷ್ಟ್ರು ನೆಲ ನೋಡಿದರು. ಟಿನ್ ಮ್ಯಾ ನಗಲಿಲ್ಲ. ಎಣಿಸಿದ ಕಟ್ಟನ್ನು ಪಕ್ಕಕ್ಕೆ ಸರಿಸಿ ಕೇಳಿದರು. "ಅದರ ಮೇಲಿರೋದು ಯಾರ ಹೆಸರು ಅಂತ ಅವನಿಗೆ ಗೊತ್ತಾ?"

"ಓದೋಕೆ ಬರಲ್ಲ ಅವನಿಗೆ. ಗಾಳಿ ಚೆನ್ನಾಗಿ ಬರುತ್ತೆ ಅಂತಾನಂತೆ."

ಟಿನ್ ಮ್ಯಾ ಒಳಗೆ ಹೋಗಿ ಪತ್ರಿಕೆಯಲ್ಲಿ ಸುತ್ತಿದ ಹಣ ತಂದು ಮೇಷ್ಟ್ರ ಮುಂದಿಟ್ಟರು. "ಇದು ಎಂಜಿನ್ನಿಗೆ. ನನ್ನ ಹೆಸರು ಇನ್ನೆಲ್ಲೂ ಬರೀಬೇಡಿ, ವ್ಯಾನಿನ ಮೇಲೂ ಬೇಡ." ಆಮೇಲೆ ಪ್ಯೋನ್ ಚೀಯ ಕಡೆ ತಿರುಗಿದರು. "ನಿನ್ನ ಬಾಕಿ ತೀರಿಲ್ಲ. ನೂರು ಅಂದ್ರೆ ನೂರೇ." ತೊಂಬತ್ತೊಂಬತ್ತೂ ಅಂದೇ ಗಿರಣಿಯ ಒಲೆಗೆ ಹೋದವು. ಒಂದು ತಿಂಗಳ ದುಡಿಮೆ ಉರಿದು ಮುಗಿಯಲು ಒಲೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಈಗ ವ್ಯಾನು ಓಡುತ್ತಿದೆ. ಹಬ್ಬ ಕಳೆದ ಮೇಲೆ ಹನ್ನೊಂದು ಜನರನ್ನು ಆಸ್ಪತ್ರೆಗೆ ಒಯ್ದಿದೆ, ಐದು ಹೆಣ ಸಾಗಿಸಿದೆ. ಫೊ ಲೊನ್‌ನನ್ನೂ ಎರಡು ಸಲ ಒಯ್ದು ತಂದಿದೆ. ಚೀಟಿಗಳು ಬರುತ್ತಲೇ ಇವೆ. ಈಗ ಪ್ಯೋನ್ ಚೀ ಚೀಟಿಯನ್ನು ಮೊದಲು ಗಟ್ಟಿಯಾಗಿ ಓದಿಸಿ ಕೇಳುತ್ತಾರೆ, ಆಮೇಲೆ ಕಡ್ಡಿ ಕಾಯಿಸುತ್ತಾರೆ. ಏನು ಆಸೆ ಎಂದು ಕೇಳಿದರೆ ಕತ್ತರಿ ನಿಲ್ಲಿಸದೆ ಹೇಳುತ್ತಾರೆ: "ಒಂದು ಮಳೆಗಾಲ ಕೈ ಕಟ್ಟಿ ಕೂತ್ಕೋಬೇಕು. ಮಳೆ ಬಂದ್ರೆ ಸೆಕೆ ಇರಲ್ಲ, ಆಗಲಾದ್ರೂ ಬೀಸಣಿಗೆ ಬೇಡ ಅಂತಾರೇನೋ. ಅನ್ನಲ್ಲ."

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಎಂಟನೇ ಗರಿ ದುಂಡಗಾಗಿದೆ. ಸಂತೆಗೆ ಹೊರಟ ಗಿರಣಿಮನೆಯ ಅಡುಗೆಯಾಕೆ ಬೇಲಿಯ ಹತ್ತಿರ ನಿಲ್ಲುತ್ತಾಳೆ. ಪ್ರತಿ ಸಂತೆಯ ದಿನವೂ ಹೀಗೇ ನಿಲ್ಲುತ್ತಾಳೆ.

"ಅಕ್ಕಾ, ದೊಡ್ಡಮ್ಮ ಕೇಳಿದ್ರು. ಆ ಒಂದು ಯಾವಾಗ ಕೊಡ್ತೀಯಂತೆ?"

ಪ್ಯೋನ್ ಚೀ ತಲೆ ಎತ್ತುವುದಿಲ್ಲ. ಹೆಬ್ಬೆರಳಿನ ಬಟ್ಟೆಯನ್ನು ಹಲ್ಲಲ್ಲಿ ಬಿಗಿದುಕೊಳ್ಳುತ್ತಾರೆ.

"ಇನ್ನೂ ಬೀಸ್ತಿದಾರೆ ಅಂತ ಹೇಳು."