ಹೊಸ್ತಿಲ ಆಚೆ ಮಾವ, ಈಚೆ ನಾನು

ಮಂಚದ ಕೆಳಗಿನಿಂದ ಹೊಸ ರಬ್ಬರಿನ ವಾಸನೆ ಬರುತ್ತಿದೆ. ಡಾಕ್ಟರು ಹೇಳಿ ತರಿಸಿದ ನನ್ನ ವಾಕರನ್ನು ಮಗ ಈಗಷ್ಟೇ ಅಲ್ಲಿ ಅಡಗಿಸಿಟ್ಟ. ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ.

"ಅಪ್ಪಾ, ಅವರು ಬರೂದರಾಗ ಕುರ್ಚಿ ಮ್ಯಾಲ ಕುಂದ್ರು. ಹೋಗೂತನಕಾ ಏಳಬ್ಯಾಡ," ಎಂದ. ನಡುಗುವ ಬಲಗೈ ಮೇಲೆ ಶಾಲು ಹೊದಿಸಿದ. ಕಂಪವಾತ ಬಂದ ಮೇಲೆ ನನಗೆ ಸಿಕ್ಕ ಮೊದಲ ಸನ್ಮಾನ ಇದು.

ಇದೇ ರೀತಿ ಕೈ ಮೇಲೆ ಶಾಲು ಹೊದ್ದು ಕೂತವರನ್ನು ನಾನು ನನ್ನ ಮದುವೆಯಲ್ಲೇ ಕಂಡಿದ್ದೆ: ನನ್ನ ಮಾವ, ತಿಕೋಟಾದವರು. ಮದುವೆ ಮುಗಿಯುವವರೆಗೂ ಅವರು ಕೂತಲ್ಲಿಂದ ಏಳಲಿಲ್ಲ. ಇದೇನು ದೊಡ್ಡಸ್ತಿಕೆಯಪ್ಪಾ ಎಂದುಕೊಂಡಿದ್ದೆ.

ಅದು ಅರವತ್ತರ ದಶಕದ ಆರಂಭ. ನಾನು ವಿಜಾಪುರದ ಕಚೇರಿಯೊಂದರಲ್ಲಿ ಹೊಸ ಗುಮಾಸ್ತ. ಗುಮಾಸ್ತನೆಂದರೆ ಸಾಮಾನ್ಯವೆ? ಸಾಹೇಬರು ನನ್ನನ್ನು ಹೆಸರು ಹಿಡಿದು ಬೈಯುತ್ತಿದ್ದರು. ಅದೇ ಠೀವಿಯಲ್ಲಿ ಮೊದಲ ದೀಪಾವಳಿಗೆ ಇಸ್ತ್ರಿ ಕೋಟು ತೊಟ್ಟು ಊರಂಚಿನ ಇಬ್ರಾಹಿಂಪುರದ ಬಾಡಿಗೆ ಕೋಣೆಯಿಂದ ತಿಕೋಟಾಕ್ಕೆ ಹೊರಟೆ. ಹೆಂಡತಿ ಮೊದಲೇ ತವರಿಗೆ ಹೋಗಿದ್ದಳು. ನಮ್ಮಲ್ಲಿ ಮೊದಲ ಹಬ್ಬಕ್ಕೆ ಬಂದ ಅಳಿಯನನ್ನು ಮಾವನೇ ಹೊಸ್ತಿಲು ದಾಟಿ ಬಂದು, ಕೈ ಹಿಡಿದು ಒಳಗೆ ಕರೆದೊಯ್ಯಬೇಕು. ಬಸ್ಸಿನುದ್ದಕ್ಕೂ ನಾನು ಕೈ ಹೇಗೆ ಚಾಚಬೇಕೆಂದು ಯೋಚಿಸುತ್ತಿದ್ದೆ.

ಅತ್ತೆ ಕಾಲಿಗೆ ನೀರು ಕೊಟ್ಟರು. ಮಾವ ಹೊಸ್ತಿಲ ಒಳಗೆ ನಿಂತಿದ್ದರು. ನಿಂತೇ ಇದ್ದರು. ಮುಖದಲ್ಲಿ ನಗುವಿಲ್ಲ. ತುಟಿ ಅಲ್ಲಾಡಿತು, ಮಾತು ಕೇಳಲಿಲ್ಲ.

"ಒಳಗ ಬರ್ರಿ," ಎಂದರು ಅತ್ತೆ.

"ಕರೀಬೇಕಾದವರು ಕರೀಲಿ, ಬರತೇನಿ," ಎಂದೆ.

ಮಾವನಿಗೆ ಕಾಲು ಏಳುತ್ತಿರಲಿಲ್ಲ, ನನ್ನನ್ನು ಜಂಬ ಬಿಡುತ್ತಿರಲಿಲ್ಲ. ಅಕ್ಕಪಕ್ಕದವರು ಇಣುಕತೊಡಗಿದಾಗ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನತ್ತ ಹೊರಟೇಬಿಟ್ಟೆ. ಅಂದು ಹೆಂಡತಿಯನ್ನು ಅಲ್ಲೇ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು. ಇದನ್ನು ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.

"ಯಪ್ಪಾ, ಓಡಬ್ಯಾಡೋ," ಎಂದು ಹೆಂಡತಿಯ ದನಿ ಕೇಳಿ ತಿರುಗಿದೆ. ಒಂದು ಹೆಜ್ಜೆ ಇಡದ ಮಾವ ಮುಂದಕ್ಕೆ ಬಾಗಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಓಡಿ ಬರುತ್ತಿದ್ದರು. ಬಂದರಲ್ಲ ದಾರಿಗೆ, ಎಂದು ಗದ್ದವೆತ್ತಿ ನಿಂತೆ. ಅವರು ನನ್ನನ್ನು ದಾಟಿ ಮುಂದೆ ಓಡಿದರು.

"ನನ್ನ ನಿಂದ್ರಸ್ರಿ. ನನಗ ನಿಂದ್ರಾಕ ಬರವಲ್ದು."

ಚೀಲ ಬಿಸಾಡಿ ಬೆನ್ನಟ್ಟಿ ತಬ್ಬಿ ಹಿಡಿದೆ. ಕೋಟಿನ ತೋಳು ಹರಿಯಿತು. ಯಾರದೋ ಮನೆಯ ಕಟ್ಟೆಗೆ ಇಬ್ಬರೂ ಆತು ನಿಂತೆವು. ಅವರ ಬಲಗೈ ನನ್ನ ಎದೆಯ ಮೇಲೆ ನಡುಗುತ್ತಿತ್ತು.

"ಎರಡ ವರ್ಷ ಆತ್ರಿ ಇದು ಹತ್ತಿ," ಎಂದರು. ಈಗ ಹತ್ತಿರವಿದ್ದುದರಿಂದ ಕೇಳಿಸಿತು. "ಬಾಗಿಲಾಗ ಕಾಲು ಹಿಡಕೋತಾವ. ಜಗ್ಗಾಡಿ ಕಿತ್ತುಕೊಂಡು ಬಂದ್ರ ಹಿಂಗ ಓಡತಾವ, ನಿಲ್ಲೂದಿಲ್ಲ. ಅಡ್ಡ ಒಂದು ಜೋಳದ ದಂಟು ಇಟ್ರ, ಅದನ್ನ ನೋಡಿ ಕಾಲು ಎತ್ತಿ ದಾಟತೇನಿ. ಅಳಿಯ ಬರ್ತಾನಂತ ಹೇಳಿ ಇವತ್ತ ಅದನ್ನ ತಗದಿದ್ರು. ನಮ್ಮ ತಪ್ಪಿಗೆ ಆಕೀನ್ನ ತವರಾಗ ಬಿಡಬ್ಯಾಡ್ರಿ."

"ಮೊದಲ ಹೇಳಿದ್ರ ಏನಾಗತಿತ್ತು?"

"ಹೇಳಿದ್ರ ನೀವು ಲಗ್ನ ಆಗತಿದ್ರೇನ್ರಿ?"

ಉತ್ತರ ನನಗೆ ಗೊತ್ತಿತ್ತು. ಅವರ ಕೈ ಹಿಡಿದು ಮನೆಯವರೆಗೆ ನಡೆಸಿಕೊಂಡು ಬಂದೆ. ಅತ್ತೆ ರಂಗೋಲಿಯ ಮೇಲೆಯೇ ದಂಟು ಇಟ್ಟರು. ಅದನ್ನು ನೋಡಿ ಮಾವ ಆರಾಮವಾಗಿ ದಾಟಿದರು. ಅವರ ಹಿಂದೆ ಒಳಗೆ ಹೋಗುವಾಗ ನಾನೇ ಹೊಸ್ತಿಲು ಎಡವಿದೆ.

ಹೊರಗೆ ಈಗ ಕಾರು ನಿಂತ ಸದ್ದಾಯಿತು. ಶಾಲು ತೆಗೆದಿಟ್ಟು, ಗೋಡೆ ಹಿಡಿದು ಬಾಗಿಲವರೆಗೆ ಹೋದೆ. ಮಗ ಒಳಗಿನಿಂದ ಕಣ್ಣು ಬಿಟ್ಟು ನೋಡುತ್ತಿದ್ದ.

"ನನಗ ಕಂಪವಾತ ಐತ್ರಿ. ನಮ್ಮ ಮಾವಗೂ ಇತ್ತು. ತಿಳದ ಮ್ಯಾಲೂ ಮನಸ್ಸಿದ್ರ ಒಳಗ ಬರ್ರಿ."

ಮೆಟ್ಟಿಲ ಬಳಿ ಬಂದಿದ್ದ ಗಂಡಿನ ಕಡೆಯ ಹಿರಿಯರು ಮುಖ ಮುಖ ನೋಡಿಕೊಂಡರು. ಹೇಳಿದ್ದೇನೋ ಆಯಿತು, ಅವರು ಬರಬೇಕೆಂದರೆ ನಾನು ಬಾಗಿಲಿಂದ ಸರಿಯಬೇಕಲ್ಲ? ಕಾಲು ಅಲ್ಲೇ ಅಂಟಿಕೊಂಡಿದ್ದವು.

ಗಂಡು ಚಪ್ಪಲಿ ಬಿಟ್ಟು ಮುಂದೆ ಬಂದ.

"ಕೈ ಕೊಡ್ರಿ ಅಜ್ಜಾರ," ಎಂದ.

ಅವನ ವಯಸ್ಸಿನಲ್ಲಿ ನನಗೆ ಇದು ಹೊಳೆದಿರಲಿಲ್ಲ.