ಆನಂದಪುರದ ಟ್ರ್ಯಾಕ್ಟರಿಗೆ ನಾನು ಕಟ್ಟಿದ ಬೆಲೆ

ನಂಬದಿದ್ದರೆ ಬಿಡಿ, ವ್ಯಾಪಾರದಲ್ಲಿ ನನ್ನನ್ನು ಮೀರಿಸುವ ಗಂಡು ಹೊಸನಗರದ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಎತ್ತು ಕೊಳ್ಳುವಾಗ ಮೊದಲು ಹುಳುಕು ಹೇಳಬೇಕು, ಆಗ ಬೆಲೆ ತಾನಾಗಿ ಇಳಿಯುತ್ತದೆ. ಆನಂದಪುರದ ಗೌಡರ ಹಳೇ ಟ್ರ್ಯಾಕ್ಟರಿಗೂ ಅದೇ ಮದ್ದು ಅರೆದೆ. ನಮ್ಮೂರು ಅಲ್ಲಿಯವರೆಗೆ ಟ್ರ್ಯಾಕ್ಟರೇ ಕಂಡಿರಲಿಲ್ಲ; ಸಂಜೆಯೊಳಗೆ ತಂದೇ ತರುತ್ತೇನೆಂದು ಮನೆಮನೆಗೂ ಸಾರಿ ಹೊರಟಿದ್ದೆ.

ಗೌಡರು ಬೆಲೆ ಹೇಳಿ, ಹ್ಯಾಂಡಲ್ ತಿರುಗಿಸಿ ಚಾಲು ಮಾಡಿದರು. ನಾನು ಒಂದು ಸುತ್ತು ಬಂದು ಮೂಗು ಮುರಿದೆ.

“ಟಯರು ಬೋಳು. ಹೊಗೆ ಕಪ್ಪು. ಇಂಜಿನ್ನಿಗೆ ದಮ್ಮು ಹಿಡಿದಿದೆ, ಗೌಡ್ರೇ.”

ಗೌಡರ ಮುಖ ಸಪ್ಪಗಾಯಿತು. “ಹೌದಾ ತಮ್ಮಾ? ನಂಗೆ ಗೊತ್ತೇ ಇರ್ಲಿಲ್ಲ. ಇಂಥದ್ದನ್ನ ನಿನ್ ತಲೆಗೆ ಕಟ್ಟಿದ್ರೆ ಪಾಪ ಬರ್ತದೆ. ಮಾರೋದಿಲ್ಲ ಬಿಡು.”

ಊರವರ ನಗು ಕಿವಿಗೆ ಬಿದ್ದ ಹಾಗಾಯಿತು. ಕೂಡಲೇ ಮಾತು ತಿರುಗಿಸಿ, ಇಂಥ ಇಂಜಿನ್ನು ಸಾಗರ ಪೇಟೆಯಲ್ಲೇ ಇಲ್ಲ, ಇನ್ನೂ ಇಪ್ಪತ್ತು ವರ್ಷ ಕೆಡುವುದಿಲ್ಲ ಎಂದು ಹೊಗಳಿದೆ.

“ಅಷ್ಟು ಚಂದ ಇದ್ಯಾ?” ಗೌಡರು ಬಾನೆಟ್ಟು ಸವರಿದರು. “ಹಾಗಾದ್ರೆ ಯಾಕೆ ಮಾರ್ಬೇಕು?”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗೊತ್ತಿ ನಗುತ್ತಿದ್ದರು. “ಒಂದ್ ಮಾತು ನಿಜ ಹೇಳೋ ಮಾರಾಯ. ನಿಂಗೆ ಟ್ರ್ಯಾಕ್ಟರ್ ಬಗ್ಗೆ ಎಂತ ಗೊತ್ತು?”

“ಎಂತದೂ ಗೊತ್ತಿಲ್ಲಮ್ಮ,” ಅಂದೆ. “ಓಡ್ಸೋಕೂ ಬರಲ್ಲ. ಆದ್ರೆ ಇದಿಲ್ದೆ ಊರಿಗೆ ಹೋಗೋ ಹಾಗಿಲ್ಲ.”

ಗೌಡರೂ ನಕ್ಕುಬಿಟ್ಟರು. ಅವರು ಮೊದಲು ಹೇಳಿದ ಬೆಲೆಗೇ ವ್ಯಾಪಾರ ಕುದುರಿತು. ಊರ ತನಕ ಗೌಡರೇ ಓಡಿಸಿಕೊಂಡು ಬಂದರು. ನನಗೆ ಕೊಟ್ಟದ್ದು ಮಡ್‌ಗಾರ್ಡಿನ ಮೇಲಿನ ಜಾಗ.