ಬೀಗರ ಹಾಡಿಗೆ ಮರುಹಾಡು

ಅಜ್ಜಂಪುರಕ್ಕೆ ಬಂದ ಹೊಸದರಲ್ಲಿ ನಮ್ಮ ಬೀದಿಯ ಮದುವೆಮನೆಯ ಮುಂದೆ ಹೆಂಗಸರು ಗುಂಪಾಗಿ ಕುಳಿತು ವರನ ತಂದೆಯನ್ನು ಬೈಯುತ್ತಿದ್ದುದನ್ನು ಕಂಡೆ. ಬೈಗುಳಕ್ಕೆ ರಾಗವಿತ್ತು.

ಬಂದಾರೆ ಬೀಗರು ಬಿಳಿಯ ರುಮಾಲಿನೋರು
ರುಮಾಲಿನೊಳಗೆ ತಲೆಯಿಲ್ಲ, ಸೋಬಾನೆ

ಆ ಯಜಮಾನರು ಎಲೆಯಡಿಕೆ ಮೆಲ್ಲುತ್ತ ತಲೆದೂಗುತ್ತಿದ್ದರು. ಮೈಸೂರಿನ ನಮ್ಮ ಮನೆಗಳಲ್ಲೂ ಹಿಂದೆ ಬೀಗರ ಹಾಡುಗಳಿದ್ದುವಂತೆ. ಅಜ್ಜಿಯ ಕಾಲಕ್ಕೇ ನಿಂತುಹೋದುವು. ಈಗ ಬೀಗರಿಗೆ ಕಾಫಿ ತಡವಾದರೆ ಹೆಣ್ಣಿನ ತಾಯಂದಿರು ಒಲೆಗೂ ಚಪ್ಪರಕ್ಕೂ ಓಡಾಡುತ್ತಾರೆ.

ಬಿ.ಎ. ಮುಗಿಸಿ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದವಳು ನಾನು. ಬೇಸಾಯದ ಮನೆಯ ಹಿರಿಯಾಕೆ ಗಂಗವ್ವ ಬೀದಿಗೆ ತೆರೆಯುವ ಕೋಣೆಯೊಂದನ್ನು ಕೊಟ್ಟರು. ಗೋಡೆಯಾಚೆ ಎತ್ತುಗಳು. ಅವುಗಳ ಕೊರಳಗಂಟೆಗೆ ಎಚ್ಚೆತ್ತು, ಟಾಂಗಾ ಬಂತೆಂದು ಭ್ರಮಿಸುತ್ತಿದ್ದೆ. ತಮ್ಮ ಮನೆಯಲ್ಲಿ ಬೇಯಿಸಿದ್ದನ್ನು ನಾನು ಒಲ್ಲೆನೆಂದು ಅವರೇ ನಿಶ್ಚಯಿಸಿ, ಸುಲಿದ ಅವರೆಕಾಳು ತಂದಿಡುತ್ತಿದ್ದರು. ಬೀದಿಯಲ್ಲಿ ಎಲ್ಲರೂ "ಅಮ್ಮೋರೆ" ಎಂದು ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತವರ ಹತ್ತಿರ ಕುಳಿತು ಮಾತಾಡುವುದು ಹೇಗೆ? ಬೇಸಗೆ ರಜೆಗೆ ಹೋದವಳು ಮರಳಿ ಬರಬಾರದೆಂದು ಗೊತ್ತುಮಾಡಿಕೊಂಡು ತಂದೆಯವರಿಗೂ ತಿಳಿಸಿದ್ದೆ.

ಆದರೆ ಸಂಜೆ ಹಾಡು ಕೇಳಿಸಿದರೆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ. ಸೋಬಾನೆಗೆ ಗಂಗವ್ವನೇ ಮುಂದಾಳು. ಮದುವೆ ಹತ್ತಿರವಾದರೆ ಅವರ ಜಗಲಿಯಲ್ಲಿ ಹೆಂಗಸರು ಕಲೆತು ಹಾಡು ಕಟ್ಟುತ್ತಿದ್ದರು. ಅವರು ಎತ್ತಿದ ಸಾಲನ್ನು ಉಳಿದವರು ಮರಳಿ ಹೇಳುತ್ತಾರೆ. ನನಗೊಂದು ಬೇರೆ ಚಾಪೆ. ಅದರ ಮೇಲೆ ಕುಳಿತು ನಾನೂ ಹೇಳಲು ಕಲಿತೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಮಾಘದಲ್ಲಿ ಗಂಗವ್ವನ ತಮ್ಮನ ಮಗಳ ಮದುವೆ. ಅಲ್ಲೂ ನನಗೊಂದು ಬೇರೆ ಚಾಪೆ. ಗಂಡಿನವರು ಚೌಳಹಿರಿಯೂರಿನಿಂದ ಗಾಡಿ ಕಟ್ಟಿಕೊಂಡು ಬಂದರು. ಎರಡು ಕಡೆಯ ಹಾಡೂ ಬಿಸಿಯೇರಿದಾಗ, ಅವರಲ್ಲಿ ದಪ್ಪನೆಯ ಹೆಂಗಸೊಬ್ಬಳು ನನ್ನತ್ತಲೂ ಪಕ್ಕದಲ್ಲಿದ್ದ ನನ್ನ ಕೊಡೆಯತ್ತಲೂ ಕೈ ತೋರಿ ಎತ್ತಿದಳು:

ಕೊಡೆಯ ಹಿಡಿದು ಬಂದ ಓದಿದ ಹೆಣ್ಣಿಗೆ
ಒಲೆಯ ಹಚ್ಚೋಕೆ ಬರದಂತೆ, ಸೋಬಾನೆ

ನಾನು ಎದ್ದು ನಿಂತು, "ಅದು ನಿಜವಲ್ಲ. ನನಗೆ ಒಲೆ ಹಚ್ಚಲು ಬರುತ್ತದೆ. ದಿನವೂ ನಾನೇ ಅಡುಗೆ ಮಾಡಿಕೊಳ್ಳುತ್ತೇನೆ" ಎಂದೆ.

ಹಾಡು ನಿಂತಿತು. ಆ ಹೆಂಗಸು ಕೈಮುಗಿದು, "ತಪ್ಪಾಯ್ತು ಅಮ್ಮೋರೆ. ನೀವು ಇವ್ರ ಮನೆಯೋರು ಅಂದ್ಕಂಡೆ" ಎಂದಳು.

ಗಂಗವ್ವ ನನ್ನ ಸೆರಗು ಜಗ್ಗಿದರು. "ಏನೇ, ಅಮಲ್ದಾರ್ರ ಕಚೇರೀಲಿ ಸಾಕ್ಷಿ ಹೇಳ್ದಂಗೆ ಹೇಳ್ಬಿಟ್ಯಲ್ಲ! ಬೀಗ್ರು ಬೈಯೋದು ನೆಂಟ್ರನ್ನ ಕಣೇ. ದಾರೀಲಿ ಹೋಗೋರ್ನ ಯಾರು ಬೈತಾರೆ? ಹಾಡಿಗೆ ಹಾಡು ಕೊಡು, ಇಲ್ದಿದ್ರೆ ನಮ್ಮ ಕಡೆ ಸೋತಂಗೆ."

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ನನಗೆ ಬರೋಲ್ಲ, ಗಂಗವ್ವ."

"ಒಲೆ ಹಚ್ಚೋಕೆ ಬತ್ತದೆ ಅಂದ್ಯಲ್ಲ, ಅದ್ನೇ ಎಳ್ದು ಹೇಳು."

ಎಲ್ಲರೂ ಕಾಯುತ್ತಿದ್ದರು. ಆಗ ಸುಮ್ಮನೆ ಕುಳಿತುಬಿಟ್ಟರೆ ಮುಂದೆ ಈ ಊರಿನಲ್ಲಿ ನಮಸ್ಕಾರಗಳು ಮಾತ್ರ ನನ್ನ ಪಾಲಿಗೆ ಎಂದು ತಿಳಿಯಿತು. ಸಾಲು ಎತ್ತಿದೆ, ಶ್ರುತಿ ಎಲ್ಲೋ ಹೋಯಿತು.

ಒಲೆಯ ಹಚ್ಚಿದೆ ನಾನು, ಅನ್ನವ ಮಾಡಿದೆ
ಉಂಡೋರು ಎಲೆಯನ್ನೂ ಬಿಡಲಿಲ್ಲ, ಸೋಬಾನೆ

ಗಂಗವ್ವ ಅದೇ ಸಾಲನ್ನು ಎತ್ತಿದರು. ನಮ್ಮ ಕಡೆಯವರೆಲ್ಲ ಮರಳಿ ಹೇಳಿದರು. ದಪ್ಪನೆಯ ಹೆಂಗಸು ತೊಡೆ ತಟ್ಟಿ, "ಅಯ್ಯಯ್ಯೋ, ನಮ್ಮನ್ನ ಎಲೆ ತಿನ್ನೋ ದನ ಮಾಡ್ಬಿಟ್ಲಲ್ಲೇ!" ಎಂದು ನಕ್ಕಳು. ಆ ಬಳಿಕ ನನ್ನ ಕನ್ನಡಕ, ನನ್ನ ನಡಿಗೆ, ಮದುವೆಯಾಗದ ನನ್ನ ವಯಸ್ಸು ಯಾವುದನ್ನೂ ಅವರು ಬಿಡಲಿಲ್ಲ. ಚಾಪೆಯಿಂದ ಯಾವಾಗ ಇಳಿದೆನೋ ನೆನಪಿಲ್ಲ.

ರಜೆಯಲ್ಲಿ ತಂಗಿಯ ಮದುವೆಗೆ ಮೈಸೂರಿಗೆ ಹೋದೆ. ತಂದೆಯವರು ರಾಜೀನಾಮೆಯ ಮಾತೆತ್ತಿದಾಗ, ಇನ್ನೊಂದು ವರ್ಷ ನೋಡುತ್ತೇನೆಂದೆ. ಮದುವೆಯಲ್ಲಿ ಗ್ರಾಮಫೋನು ಹಾಡುತ್ತಿತ್ತು. ವರನ ಸೋದರತ್ತೆ ಬಹಳ ಮರ್ಯಾದೆಯಿಂದ, "ಪಾಪ, ಹಳ್ಳೀಲಿ ತುಂಬ ಕಷ್ಟ ಅಲ್ವೇ?" ಎಂದರು. ನನ್ನ ಬಾಯಿಗೆ ಮರುಹಾಡಿನ ಎರಡು ಸಾಲು ಬಂದುವು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಅಷ್ಟೇನಿಲ್ಲ" ಎಂದೆ.

ಮರಳಿ ಬಂದಾಗ ಗಂಗವ್ವ ಜಗಲಿಯಲ್ಲೇ ಹಿಡಿದು ಕೇಳಿದರು: "ತಂಗಿ ಮದ್ವೇಲಿ ಯಾರ ಕಡೆಯೋರು ಗೆದ್ರು?"

"ಯಾರೂ ಹಾಡಲಿಲ್ಲ."

"ಹಾಡ್ದಲೆ ಮದ್ವೆನಾ?" ಅವರು ನಿಜವಾಗಿಯೂ ಮರುಗಿದರು. ನನಗೆ ಮೈಸೂರಿನ ಪರವಾಗಿ ರೇಗಿತು. "ನಮ್ಮಲ್ಲಿ ಹಾಗೆಲ್ಲ ಹಾಡೋಲ್ಲ" ಎಂದೆ.

"ನಮ್ಮಲ್ಲಿ ಅಂದ್ರೆ ಎಲ್ಲಿ?" ಎಂದರು ಗಂಗವ್ವ.

ಪೆಟ್ಟಿಗೆಯನ್ನು ಒಳಗಿಡುವ ನೆಪದಲ್ಲಿ ನಾನು ಕೋಣೆಗೆ ನಡೆದೆ.